ಕಣ್ಣಳತೆ ಸೊನ್ನೆ

ಹುಬ್ಬಳ್ಳಿಯ ವಿದ್ಯಾನಗರದ ಆ ಮನೆಯಲ್ಲಿ ಸಂಜೆ ಎಂಟಾಗುತ್ತಲೇ ಮೂವರೂ ‘ಮಲಪ್ರಭಾ ಯಾನ’ ನೋಡಲು ಕೂತರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಗುರುಪಾದಪ್ಪ ಕಬ್ಬೂರ, ಸೋಫಾದ ಒಂದು ತುದಿಯಲ್ಲಿ, ಮಗಳು ಇಂಚರಾ ಇನ್ನೊಂದು ತುದಿಯಲ್ಲಿ. ಇಬ್ಬರ ಮೂಗಿನ ಮೇಲೂ ರುಚಿದರ್ಶಕ ಎಂಬ ಕನ್ನಡಕ ಏರಿತ್ತು. ಸ್ವಲ್ಪ ಹೊತ್ತಿಗೆ ಗುರುಪಾದಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅದೇ ಹೊತ್ತಿಗೆ ಇಂಚರಾ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ನೋಡುತ್ತಿದ್ದದ್ದು ಒಂದೇ ಧಾರಾವಾಹಿಯ ಒಂದೇ ಕಂತು.

ಅವರಿಬ್ಬರ ನಡುವೆ, ಮೂಗಿನ ಮೇಲೆ ಏನೂ ಇಲ್ಲದೆ, ಗೋಡೆಯ ಹಳೆಯ ಟಿವಿಯನ್ನು ನೋಡುತ್ತ ಕೂತಿದ್ದವಳು ಮಂದಾಕಿನಿ. ಆ ಧಾರಾವಾಹಿಯನ್ನು ಬರೆದವಳೂ ಅವಳೇ, ನಿರ್ದೇಶಿಸುತ್ತಿದ್ದವಳೂ ಅವಳೇ.

“ಯಾಕ್ರಿ, ಇಷ್ಟು ನಗಾಕತ್ತೀರಿ? ನಾ ಬರದ ಕಂತಿನಾಗ ನಗೂವಂಥಾದ್ದು ಏನೂ ಇಲ್ಲ” ಎಂದಳು ಗಂಡನಿಗೆ.

“ನಿಂಗೇನ್ ಗೊತ್ತು? ಸುಮ್ನ ಕುಂದ್ರು, ಮಜಾ ಬಂದೈತಿ” ಎಂದ ಗುರುಪಾದಪ್ಪ.

ನಾಲ್ಕು ನಿಮಿಷ ಆಗಿತ್ತೋ ಇಲ್ಲವೋ, ಇಂಚರಾ ರುಚಿದರ್ಶಕ ತೆಗೆದಿಟ್ಟು ಎದ್ದಳು. “ಮುಗೀತವ್ವಾ. ಭಾಳ ಛಲೋ ಇತ್ತು” ಎಂದು ತಾಯಿಯ ಭುಜ ತಟ್ಟಿ ಒಳಗೆ ಹೋದಳು. ಗೋಡೆಯ ಟಿವಿಯಲ್ಲಿ, ಯಾನದ ಮೊದಲ ದಿನಗಳನ್ನು ನೆನೆಯುವ ಆ ಕಂತಿನಲ್ಲಿ, ಮಂದಾಕಿನಿಯ ಅಂತರಿಕ್ಷದ ಹಡಗು ಇನ್ನೂ ಶನಿಯ ಬಳೆಯನ್ನು ದಾಟಿರಲಿಲ್ಲ.

ರುಚಿದರ್ಶಕ ಬರುವುದಕ್ಕೆ ಮೊದಲಿನ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಮನೆಗೊಂದು ಟಿವಿ, ಟಿವಿಗೊಂದು ರಿಮೋಟು, ರಿಮೋಟಿಗಾಗಿ ದಿನಾ ಒಂದು ಜಗಳ ಇದ್ದ ಕಾಲ ಅದು. ಆಮೇಲೆ ಆಳಿಗೊಂದು ಫೋನು ಬಂತು. ಒಂದು ತಾಸಿನ ಕಥೆ ಅರ್ಧ ತಾಸಿಗಿಳಿಯಿತು, ಅರ್ಧ ತಾಸಿನದು ಮೂರು ನಿಮಿಷದ ತುಣುಕಾಯಿತು. ಈ ಹೊಡೆತಕ್ಕೆ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಅಂತರಿಕ್ಷದ ಮಹಾಕಥೆಗಳು. ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಹಡಗಿಗೆ ಎರಡು ತಲೆಮಾರು ಬೇಕು, ನೋಡುವವನಿಗೋ ಎರಡು ನಿಮಿಷದ ತಾಳ್ಮೆಯೂ ಇಲ್ಲ. ಇಂಥ ಧಾರಾವಾಹಿಗಳ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಿರುವಾಗ ಡಾ. ಶಫೀಕ್ ನದಾಫ್ ಎಂಬ ವಿಜ್ಞಾನಿ ರುಚಿದರ್ಶಕವನ್ನು ಕಂಡುಹಿಡಿದರು.

ನೋಡುವುದಕ್ಕೆ ಅದು ಸಾಧಾರಣ ಕನ್ನಡಕ. ಆದರೆ ಅದರ ಒಳಮೈಯಲ್ಲಿರುವ ಎರಡು ಸೂಕ್ಷ್ಮ ಮಸೂರಗಳು ಹಾಕಿಕೊಂಡವರ ಕಣ್ಣನ್ನೇ ನೋಡುತ್ತಿರುತ್ತವೆ. ಕಣ್ಣಿನ ಪಾಪೆ ಯಾವಾಗ ಹಿಗ್ಗಿತು, ನೋಟ ಯಾವಾಗ ಜಾರಿತು, ಕಣತಲೆಯ ನಾಡಿ ಎಲ್ಲಿ ಓಡಿತು, ಎಲ್ಲಿ ಮಂದವಾಯಿತು ಎಂಬುದನ್ನೆಲ್ಲ ಕೂಡಿಸಿ ಅದು ಒಂದು ಸಂಖ್ಯೆ ತೆಗೆಯುತ್ತದೆ. ಅದಕ್ಕೆ ಕಣ್ಣಳತೆ ಎಂದು ಹೆಸರು. ಕಣ್ಣಳತೆ ಇಳಿದ ಕಡೆ ಯಂತ್ರ ಕಥೆಯನ್ನು ಕತ್ತರಿಸುತ್ತದೆ, ಏರಿದ ಕಡೆ ಹಿಗ್ಗಿಸುತ್ತದೆ. ಸಾಲದೆ ಬಂದರೆ ನಟರ ಮುಖ, ದನಿಗಳನ್ನು ಬಳಸಿ ಹೊಸ ದೃಶ್ಯವನ್ನೇ ಹೆಣೆದು ಹಾಕುತ್ತದೆ. ಯುದ್ಧ ಬೇಕಾದವನಿಗೆ ಯುದ್ಧ, ಪ್ರೇಮ ಬೇಕಾದವಳಿಗೆ ಪ್ರೇಮ. ರಿಮೋಟಿನ ಜಗಳ ನಿಂತುಹೋಯಿತು. ಮನೆಗಳು ಎಷ್ಟು ಶಾಂತವಾದವೆಂದರೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವುದು ಊಟಕ್ಕೆ ಕರೆಯುವಾಗ ಮಾತ್ರ ಎಂಬಂತಾಯಿತು.

ಮರುದಿನ ಗೋಕುಲ ರಸ್ತೆಯ ಸ್ಟುಡಿಯೋಕ್ಕೆ ವಾಹಿನಿಯ ಮುಖ್ಯಸ್ಥ ಪ್ರಫುಲ್ಲ ಸಂಕದ ತಾನೇ ಬಂದ. ಜೊತೆಗೆ ಡಾ. ನದಾಫ್ ಇದ್ದರು. ದೊಡ್ಡವರು ತಾವಾಗಿಯೇ ಬಾಗಿಲಿಗೆ ಬಂದರೆ ಏನೋ ಗ್ರಹಚಾರ ಕಾದಿದೆ ಎಂದು ಮಂದಾಕಿನಿಗೆ ಗೊತ್ತಿತ್ತು.

“ಮ್ಯಾಡಂ, ಬ್ಯಾಸರಾ ಮಾಡ್ಕೋಬ್ಯಾಡ್ರಿ” ಎಂದು ಸಂಕದ ಶುರುಮಾಡಿದ. “ಮುಂದಿನ ತಿಂಗಳಿಂದ ಸ್ಟುಡಿಯೋ ಬೇಕಾಗಂಗಿಲ್ಲ. ನೀವು ಕೊಡೂ ಕಂತಿನಾಗ ಜನಾ ನೋಡೂದು ಚೂರುಪಾರು. ಉಳಿದದ್ದೆಲ್ಲಾ ಯಂತ್ರಾನs ಮಾಡಿ ಹಾಕ್ತೈತಿ. ಇನ್ನ ಮ್ಯಾಲೆ ಎಲ್ಲಾನೂ ಅದs ಮಾಡ್ಲಿ ಅಂತ ಮ್ಯಾಲಿನವರು ಹೇಳ್ಯಾರ.”

“ಹಡಗ ಇನ್ನೂ ಮುಟ್ಟೇ ಇಲ್ಲಲ್ರೀ!” ಎಂದಳು ಮಂದಾಕಿನಿ. ಸ್ಟುಡಿಯೋ ಹೋಗುತ್ತದೆ ಎಂಬುದಕ್ಕಿಂತ ಮೊದಲು ಅವಳ ಬಾಯಿಗೆ ಬಂದದ್ದು ಅದೇ.

“ಯಂತ್ರದ ಕೈಯಾಗ ಅದು ಎಂದೂ ಮುಟ್ಟಂಗಿಲ್ರಿ. ಮುಟ್ಟಿದ್ರ ಕಥಿ ಮುಗೀತಲ್ಲ” ಎಂದ ಸಂಕದ, ಅದೊಂದು ಶುಭಸಮಾಚಾರ ಎಂಬಂತೆ.

ಈ ಹಡಗಿನಲ್ಲಿ ಮಂದಾಕಿನಿಯ ಅರ್ಧ ಆಯುಷ್ಯ ಕಳೆದಿತ್ತು. ತನ್ನ ಮನೆಯವರೇ ತಾನು ಮಾಡಿದ್ದನ್ನು ಪೂರ್ತಿ ನೋಡಿಲ್ಲ ಎಂಬುದು ಅವಳು ಯಾರಿಗೂ ಹೇಳಿಕೊಳ್ಳದ ನೋವು. ಈಗ ಆ ಹಡಗು ದಡ ಕಾಣದೆ ಅಲೆಯುತ್ತಲೇ ಇರುವುದೆಂದರೆ?

“ನನಗ ಒಂದು ಕಂತು ಕೊಡ್ರಿ” ಎಂದಳು. “ಕತ್ತರಿ ಇಲ್ಲದ್ದು. ಎಲ್ಲಾರಿಗೂ ಒಂದs, ಒಂದs ಹೊತ್ತಿಗೆ. ಜನಾ ಕಡೀತನಕಾ ನೋಡಿದ್ರ ಸ್ಟುಡಿಯೋ ಉಳೀಬೇಕು. ನೋಡಲಿಲ್ಲಂದ್ರ ನಾನs ಬೀಗಾ ಹಾಕಿ ಕೀಲಿಕೈ ನಿಮ್ಮ ಕೈಯಾಗ ಕೊಡ್ತೇನಿ.”

ಸಂಕದ ನಗುವುದರಲ್ಲಿದ್ದ. ಆದರೆ ಡಾ. ನದಾಫ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಕೊಡ್ರಿ ಸಂಕದವರ. ಯಂತ್ರ ಬಂದ ಮ್ಯಾಲೆ ಇಡೀ ನಾಡು ಒಂದs ಚಿತ್ರ ನೋಡಿದ್ದು ಒಂದು ದಿನಾನೂ ಇಲ್ಲ. ನೋಡಿದ್ರ ಏನಾಗತೈತಿ ಅನ್ನೂದು ನನಗೂ ಗೊತ್ತಿಲ್ಲ. ನಾ ತಿಳ್ಕೋಬೇಕಾಗೇತಿ.”

ಕಂಡುಹಿಡಿದವರೇ ಹೀಗೆಂದ ಮೇಲೆ ಸಂಕದ ಇಲ್ಲವೆನ್ನಲಾರದೆ ಒಂದು ಷರತ್ತು ಹಾಕಿದ. ನಾಡಿನ ಒಟ್ಟು ಕಣ್ಣಳತೆ ಕಂತಿನ ಕೊನೆಯವರೆಗೂ ಅರ್ಧಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮುಗಿಯಿತು, ಮತ್ತೆ ಮಾತಿಲ್ಲ. ಮಂದಾಕಿನಿ ಒಪ್ಪಿದಳು.

ಬರವಣಿಗೆ ಭರದಿಂದ ಸಾಗಿತು. ಕ್ಯಾಪ್ಟನ್ ಚಂದ್ರಕ್ಕ ಹಡಗಿನ ಮೂತಿಯಲ್ಲಿ ನಿಂತು ಹೊಸ ಲೋಕವನ್ನು ನೋಡುತ್ತಾಳೆ, ಎರಡು ತಲೆಮಾರಿನ ಹಿರಿಯರನ್ನು ನೆನೆದು ಹಡಗನ್ನು ಇಳಿಸುತ್ತಾಳೆ. ಬರೆದು ಮುಗಿಸಿದ ಸಂಜೆ ಮಂದಾಕಿನಿ ಗಂಡನನ್ನೂ ಮಗಳನ್ನೂ ಹಿಡಿದು ಕೂರಿಸಿ ಓದಿದಳು. ಮೊದಲ ಪುಟ ತಿರುವುವುದರೊಳಗೆ ಗುರುಪಾದಪ್ಪ ಕೈ ಎತ್ತಿದ.

“ತಡಿ ತಡಿ. ಚಂದ್ರಕ್ಕ ಎಲ್ಲಿಂದ ಬಂದ್ಲು? ಆಕಿ ಸತ್ತು ಎಷ್ಟ್ ವರ್ಷಾತು!”

“ಯಾರು ಸಾಯಿಸಿದ್ರು ಆಕಿನ್ನ?”

“ನೀನs! ಎಂಜಿನ್ನಿನ ಬೆಂಕಿಯೊಳಗ. ಎರಡು ದಿನ ನಾ ಊಟಾ ಬಿಟ್ಟಿದ್ದೆ, ನೆನಪಿಲ್ಲೇನು?”

ಅವನು ಊಟ ಬಿಟ್ಟದ್ದು ಮಂದಾಕಿನಿಗೆ ನೆನಪಿತ್ತು. ಗ್ಯಾಸ್ ಆಗಿದೆಯೆಂದು ತಿಳಿದು ಓಮಿನ ನೀರು ಕುಡಿಸಿದ್ದಳು.

“ಆಕಿ ಸತ್ತಿಲ್ಲಪ್ಪಾ” ಎಂದಳು ಇಂಚರಾ. “ಡಾಕ್ಟರನ್ನ ಮದುವಿಯಾಗಿ ತಿರುಗಿ ಭೂಮಿಗೆ ಹೋದ್ಲು. ನಮ್ಮ ಹಡಗಿಗೆ ಈಗ ಹಬೀಬ್ ಕ್ಯಾಪ್ಟನ್.”

“ಹಬೀಬ್? ಅಂವಾ ಕಳ್ಳ! ಅವನs ಬೆಂಕಿ ಹಚ್ಚಿದಾಂವ!”

ಅಪ್ಪ ಮಗಳು ವಾದಕ್ಕಿಳಿದರು. ಮಂದಾಕಿನಿಯ ಕೈಯಲ್ಲಿದ್ದ ಹಾಳೆಗಳು ಅಲ್ಲೇ ನಿಂತವು. ರುಚಿದರ್ಶಕ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸುತ್ತದೆ, ಒಗ್ಗರಣೆ ಹಾಕುತ್ತದೆ ಎಂದಷ್ಟೇ ಅವಳು ತಿಳಿದಿದ್ದಳು. ಬೇರೆ ಬೇರೆ ಹುಟ್ಟು ಸಾವುಗಳ ಬೇರೆ ಬೇರೆ ಕಥೆಗಳೇ ಬೆಳೆದು ನಿಂತಿವೆ ಎಂದು ಅವಳಿಗಾಗಲಿ, ಸ್ಟುಡಿಯೋದ ಇನ್ನೊಬ್ಬರಿಗಾಗಲಿ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ರುಚಿದರ್ಶಕ ಸ್ಟುಡಿಯೋದ ಹೊಸ್ತಿಲು ದಾಟಕೂಡದು, ಇಲ್ಲಿ ಕೆಲಸ ಮಾಡುವವರು ಅದನ್ನು ಹಾಕಿಕೊಂಡು ನೋಡಕೂಡದು ಎಂದು ಮೊದಲ ದಿನವೇ ಸ್ವಾಭಿಮಾನದಿಂದ ಕಟ್ಟಳೆ ಮಾಡಿದವಳು ಅವಳೇ. ಅಡುಗೆ ಮಾಡಿದವರು ಬಡಿಸಿದ್ದನ್ನು ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಡಾ. ನದಾಫರ ಪ್ರಯೋಗಶಾಲೆಗೆ ಹೋದಳು.

“ಹೌದ್ರಿ, ಮನಿಗೊಂದು ಮಲಪ್ರಭಾ ಐತಿ” ಎಂದರು ಅವರು, ಸ್ವಲ್ಪ ಸಂಕೋಚದಿಂದಲೇ. “ಮನಿಗೊಂದೇನು, ಆಳಿಗೊಂದು. ಕೆಲವು ಹಡಗ ಎಂದೋ ಮುಳುಗ್ಯಾವ, ಕೆಲವು ತಿರುಗಿ ಬಂದಾವ. ನಿಮಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ.”

“ಗೊತ್ತಿರಲಿಲ್ಲ. ಈಗ ಎಲ್ಲಾರಿಗೂ ಹೊಂದೂ ಕಡೀ ಕಂತು ಹೆಂಗ ಬರೀಲಿ? ಯಾರನ್ನ ತೋರಿಸಿದ್ರೂ ಯಾರದೋ ಮನಿಯಾಗ ಅವರು ಸತ್ತಿರ್ತಾರ.”

“ಆಗೂದಿಲ್ಲ ಬಿಡ್ರಿ ಹಂಗಾರ.”

“ಆಗೂದಿಲ್ಲ ಅನ್ನೂದು ಆಮ್ಯಾಲೆ ನೋಡೂಣು” ಎಂದಳು ಮಂದಾಕಿನಿ. “ಮೊದಲ ನಿಮ್ಮ ಯಂತ್ರಕ್ಕ ಒಂದು ಪ್ರಶ್ನೆ ಕೇಳ್ರಿ. ಇಷ್ಟು ವರ್ಷದಾಗ ನಾ ಮಾಡಿದ್ದರೊಳಗ, ಯಾರ ಮನಿಯಾಗೂ ಕತ್ತರಿ ಬೀಳದs ಉಳದದ್ದು ಒಂದಾದ್ರೂ ಐತೇನು?”

ನದಾಫರು ಕನ್ನಡಕವನ್ನು ಮೇಲೇರಿಸಿ ಅವಳನ್ನು ಒಮ್ಮೆ ನೋಡಿದರು. ಅಂಥ ಪ್ರಶ್ನೆಯನ್ನು ಅವರ ಯಂತ್ರಕ್ಕೆ ಈವರೆಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಜನ ಎಲ್ಲಿ ಬೇಸತ್ತರು ಎಂದೇ. ಕೋಟ್ಯಂತರ ಕಥೆಗಳನ್ನು ಒಂದರ ಮೇಲೊಂದಿಟ್ಟು ನೋಡುತ್ತ ಯಂತ್ರ ಸಂಜೆಯವರೆಗೂ ಗುಂಯ್‌ಗುಟ್ಟಿತು. ಉಳಿದದ್ದು ಶನಿಯ ಬಳೆ ಇರಬಹುದು ಎಂದರು ನದಾಫರು. ಚಂದ್ರಕ್ಕನ ಮೊದಲ ಭಾಷಣ ಇರಬೇಕು ಎಂಬುದು ಮಂದಾಕಿನಿಯ ಆಸೆ. ಅದನ್ನು ಬರೆಯಲು ಅವಳು ಬಹಳ ಒದ್ದಾಡಿದ್ದಳು.

ಪರದೆಯ ಮೇಲೆ ಮೂಡಿದ್ದು ಹಡಗಿನ ಊಟದ ಕೋಣೆ. ಸಾಲಾಗಿ ಸ್ಟೀಲಿನ ತಾಟುಗಳು, ಜೋಳದ ರೊಟ್ಟಿ, ಝುಣಕ, ಒಂದು ಚೂರು ಉಳ್ಳಾಗಡ್ಡಿ. ಕೂತವರು ಕೈ ಕಟ್ಟಿಕೊಂಡು ಕಾಯುತ್ತಿದ್ದಾರೆ. ಕಡೆಯ ತಾಟಿಗೂ ರೊಟ್ಟಿ ಬಿದ್ದ ಮೇಲೆ ಎಲ್ಲರೂ ಒಟ್ಟಿಗೇ ಮುರಿಯುತ್ತಾರೆ.

“ಇದ್ಯಾಕ?” ಎಂದರು ನದಾಫರು, ನಿಜವಾಗಿಯೂ ತಿಳಿಯದೆ.

ಮಂದಾಕಿನಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಆ ದೃಶ್ಯದ ಒಂದು ಸಾಲನ್ನೂ ಅವಳು ಬರೆದವಳಲ್ಲ. ಅಂತರಿಕ್ಷದ ಉಡುಪನ್ನು ತೊಡಿಸುವುದು, ಬಿಚ್ಚುವುದು ದೊಡ್ಡ ರಗಳೆ. ಊಟದ ಹೊತ್ತಿಗೆ ಬಿಚ್ಚಿಸಿದರೆ ಮಧ್ಯಾಹ್ನವೆಲ್ಲ ಅದಕ್ಕೇ ಹೋಗುತ್ತಿತ್ತು. ಆದ್ದರಿಂದ ಉಡುಪಿನಲ್ಲೇ ಊಟಕ್ಕೆ ಕೂರಿಸಿ, ಹೇಗೂ ಕೂತಿದ್ದಾರಲ್ಲ ಎಂದು ಕ್ಯಾಮೆರಾ ಓಡಿಸುವುದು ಮೊದಲ ವರ್ಷದಿಂದಲೂ ರೂಢಿಯಾಗಿತ್ತು. ರೊಟ್ಟಿ ಸ್ಟುಡಿಯೋದ ಅಡುಗೆಯ ಕಲ್ಲವ್ವ ಬಡಿದದ್ದು. ಎಲ್ಲರ ತಾಟಿಗೂ ಬೀಳುವ ತನಕ ಯಾರೂ ಮುರಿಯಬಾರದು ಎಂಬುದು ಸ್ಟುಡಿಯೋದವರ ಪದ್ಧತಿ. ಅದು ಹಾಗೆಯೇ ಹಡಗಿನ ಪದ್ಧತಿಯೂ ಆಗಿಬಿಟ್ಟಿತ್ತು. ಅಲ್ಲಿ ಯಾರೂ ನಟಿಸುತ್ತಿರಲಿಲ್ಲ, ಅವರಿಗೆ ನಿಜಕ್ಕೂ ಹಸಿವಾಗಿರುತ್ತಿತ್ತು.

ಕೇಳಿ ನದಾಫರು ಕಣ್ಣಳತೆಯ ಗೆರೆಗಳನ್ನು ಮತ್ತೊಮ್ಮೆ ನೋಡಿದರು. “ಜನ ನೋಡೂದು ಊಟದ ಹೊತ್ತಿನಾಗ. ಅಲ್ಲೆ ತಾಟು ಕಂಡಕೂಡ್ಲೆ ಇಲ್ಲೆ ನಾಡಿ ಸಮಾಧಾನ ಆಗೇತಿ. ಯುದ್ಧ ಬೇಕನ್ನಾಂವಗೂ ಅಷ್ಟs, ಪ್ರೇಮ ಬೇಕನ್ನಾಕಿಗೂ ಅಷ್ಟs. ಯಂತ್ರಕ್ಕ ಕತ್ತರಸಾಕ ಕಾರಣಾನs ಸಿಕ್ಕಿಲ್ಲ.”

ಮಂದಾಕಿನಿ ಬರೆದಿದ್ದ ಹಾಳೆಗಳನ್ನು ಅಲ್ಲೇ ಹರಿದುಹಾಕಿದಳು.

ಹೊಸ ಕಂತಿನಲ್ಲಿ ಯಾರ ಮುಖವೂ ಇರಲಿಲ್ಲ. ಮುಖ ತೋರಿಸಿದರೆ ತಾನೇ ಸತ್ತವರು, ಓಡಿಹೋದವರು, ಕಳ್ಳರು ಎಂಬ ತಕರಾರು? ಊಟದ ಕೋಣೆ, ಸಾಲು ತಾಟುಗಳು, ಕೈಗಳು, ಗುಣುಗುಣು ಮಾತು ಮಾತ್ರ ಇದ್ದವು. ನೋಡುವವರ ಎದುರಿಗೇ ಬರುವಂತೆ ಒಂದು ತಾಟನ್ನಿಟ್ಟು, ಅದರ ಮುಂದಿನ ಮಣೆಯನ್ನು ಖಾಲಿ ಬಿಟ್ಟಿದ್ದರು. ಆ ತಾಟಿಗೂ ಬಡಿಸಿ ಎಲ್ಲರೂ ಕಾಯುತ್ತಾರೆ. ಯಾರಿಗಾಗಿ ಎಂದು ಯಾರೂ ಹೇಳುವುದಿಲ್ಲ. ಕಾಯುತ್ತಿರುವಾಗಲೇ ಕಿಟಕಿಯಿಂದ ಹೊಸ ಸೂರ್ಯನ ಬೆಳಕು ಕೈಗಳ ಮೇಲೆ ಬೀಳುತ್ತದೆ. ಹಡಗು ಒಮ್ಮೆ ಅದುರಿ, ಹೊರಟಂದಿನಿಂದ ಮೊದಲ ಸಲ, ನಿಲ್ಲುತ್ತದೆ.

“ಅಂತರಿಕ್ಷದ ಕಥಿಯೊಳಗ ಮುಕ್ಕಾಲು ತಾಸು ರೊಟ್ಟಿ ತೋರಸ್ತೀರೇನ್ರಿ?” ಎಂದು ಸಂಕದ ತಲೆ ಮೇಲೆ ಕೈ ಹೊತ್ತ.

“ಎರಡು ತಲೆಮಾರು ಹಡಗಿನಾಗ ಇದ್ದಾವರು ಉಪಾಸ ಇದ್ರೇನು?” ಎಂದಳು ಮಂದಾಕಿನಿ.

ಚಂದ್ರಕ್ಕನ ಪಾತ್ರದ ವತ್ಸಲಾ ಹೂಲಿಗೆ ಹೇಳುವಾಗ ಮಾತ್ರ ಅವಳ ದನಿ ತಗ್ಗಿತು. ಇಷ್ಟು ವರ್ಷ ಹಡಗು ನಡೆಸಿದ ನಟಿಗೆ ಕಡೆಯ ಕಂತಿನಲ್ಲಿ ಜಾಗವೇ ಇಲ್ಲ. “ಹಂಗಾರ ನಾ ಬಡಸ್ತೇನಿ. ಕೈ ಯಾರದಂತ ಯಾರಿಗೂ ಗೊತ್ತಾಗಂಗಿಲ್ಲ” ಎಂದಳು ವತ್ಸಲಾ. ಬಡಿಸಿದಳು ಕೂಡ. ಖಾಲಿ ಮಣೆಯ ತಾಟಿಗೆ ರೊಟ್ಟಿ ಹಾಕಿ, ಯಾರೂ ಹೇಳದೆಯೇ ಅದರ ಮೇಲೆ ಇನ್ನೊಂದನ್ನಿಟ್ಟಳು. ಮಂದಾಕಿನಿ ಅದನ್ನು ಹಾಗೆಯೇ ಉಳಿಸಿಕೊಂಡಳು.

ಪ್ರಸಾರದ ಸಂಜೆ ವಾಹಿನಿಯ ನಿಯಂತ್ರಣ ಕೊಠಡಿಯಲ್ಲಿ ಮಂದಾಕಿನಿ ಕಂತಿನ ಪರದೆಯ ಕಡೆಗೆ ತಿರುಗಲೇ ಇಲ್ಲ. ಅವಳ ಕಣ್ಣೆಲ್ಲ ಕಣ್ಣಳತೆ ತೋರಿಸುವ ಮಾಪಕದ ಮುಳ್ಳಿನ ಮೇಲಿತ್ತು. ನಾಡಿನ ಅಷ್ಟೂ ರುಚಿದರ್ಶಕಗಳಲ್ಲಿ ಒಂದೇ ಚಿತ್ರ ಮೂಡಿದಾಗ ಮುಳ್ಳು ಸರ್ರನೆ ಮೇಲೇರಿ ತುದಿಗೆ ತಾಗಿ ನಿಂತಿತು. ನದಾಫರು “ಯಾ ಅಲ್ಲಾ!” ಎಂದು ಎದ್ದು ನಿಂತರು. ಬಡಿಸುವುದು ಮುಗಿಯುವವರೆಗೂ ಮುಳ್ಳು ಮಿಸುಕಲಿಲ್ಲ.

ಖಾಲಿ ಮಣೆಯ ಮುಂದಿನ ತಾಟು ಕಾಣಿಸಿಕೊಂಡು ಹೆಚ್ಚು ಹೊತ್ತಾಗಿರಲಿಲ್ಲ. ಮುಳ್ಳು ಅಲುಗಿತು, ಇಳಿಯಿತು, ಅರ್ಧಕ್ಕೆ ಬಂತು, ಅರ್ಧ ದಾಟಿ ಕೆಳಗೆ ಬಿತ್ತು. ಮಂದಾಕಿನಿಯ ಬೆನ್ನಹಿಂದೆ ತಂತ್ರಜ್ಞರು ತಮ್ಮ ರುಚಿದರ್ಶಕಗಳನ್ನು ಹಣೆಗೇರಿಸಿಕೊಂಡು ಏನೋ ಗದ್ದಲ ಎಬ್ಬಿಸಿದ್ದರು. ಸಂಕದನ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ತನ್ನ ಜೀವ ಹೋಗುತ್ತಿರುವಾಗ ಇವರಿಗೆ ಸಂತೆಯಾಗಿದೆಯಲ್ಲ ಎಂದು ಅವಳಿಗೆ ಕೆಟ್ಟ ಸಿಟ್ಟು ಬಂತು. ಹಡಗು ನೆಲ ಮುಟ್ಟುವ ಹೊತ್ತಿಗೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

“ಇತಿಹಾಸದಾಗs ಇಲ್ಲ ಇಂಥಾ ಸಂಖ್ಯಾ” ಎಂದ ಸಂಕದ, ತನ್ನ ಜಗಳದಿಂದ ತಿರುಗಿ. “ಏನ್ ಮಾಡೂದ್ರಿ ಮ್ಯಾಡಂ, ಲೆಕ್ಕ ಲೆಕ್ಕಾನs. ಬೀಗಾ ಹಾಕೂದು ನೋಡ್ರಿ.”

ಮಂದಾಕಿನಿ ಹೊರಗೆ ಬಂದು ಆಟೋ ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಅಳು ಬರಲಿಲ್ಲ, ಅದೊಂದು ಒಳ್ಳೆಯದಾಯಿತು. ಸೊನ್ನೆಯಾದರೆ ಸೊನ್ನೆ, ಹಡಗನ್ನಂತೂ ತಾನೇ ದಡ ಮುಟ್ಟಿಸಿದೆ. ಮನೆಯವರು ಏನು ಹೇಳುತ್ತಾರೋ ಎಂಬುದೊಂದೇ ಅಳುಕು. “ಭಾಳ ಛಲೋ ಇತ್ತು” ಎಂದು ಭುಜ ತಟ್ಟಿದರೆ ಇವತ್ತು ತಡೆದುಕೊಳ್ಳುವುದು ಕಷ್ಟ ಅನಿಸಿತು.

ಬಾಗಿಲಲ್ಲೇ ಜಗಳದ ಸದ್ದು ಕೇಳಿಸಿತು.

“ಅದು ಚಂದ್ರಕ್ಕನ ತಾಟು! ಸತ್ತವರಿಗೆ ಎಡಿ ಇಟ್ಟಂಗ ಇಟ್ಟಾರ. ಅಷ್ಟೂ ತಿಳೀದಿಲ್ಲೇನು ನಿಂಗ?”

“ಸತ್ತವರಿಗೆ ಇಟ್ರ ಕಾಯ್ತಾರೇನಪ್ಪಾ? ಬರೂವರಿಗೆ ಕಾಯೂದು. ಭೂಮಿಗೆ ಹೋದಾಕಿ ತಿರುಗಿ ಬರಾಕತ್ತಾಳ!”

ಗುರುಪಾದಪ್ಪ ಮತ್ತು ಇಂಚರಾ ನೆಲದ ಮೇಲೆ ಎದುರುಬದುರು ಕೂತಿದ್ದರು. ಎರಡೂ ರುಚಿದರ್ಶಕಗಳು ಸೋಫಾದ ಮೇಲೆ ಬೋರಲು ಬಿದ್ದಿದ್ದವು. ಅವರ ಮುಂದೆ ಬಡಿಸಿದ್ದ ತಾಟುಗಳಲ್ಲಿ ರೊಟ್ಟಿ ಮುರಿದಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ತಾಟು, ಅದರ ಮುಂದೆ ಖಾಲಿ ಮಣೆ.

“ಯಾಕ, ಇನ್ನೂ ಉಂಡಿಲ್ಲ?” ಎಂದಳು ಮಂದಾಕಿನಿ.

“ನೀ ಬರಲಿ ಅಂತ ಕುಂತೇವಿ” ಎಂದ ಗುರುಪಾದಪ್ಪ.

ಅವನು ಹಾಗೆ ಕಾದು ಎಷ್ಟು ವರ್ಷವಾಗಿತ್ತೋ. ಆಗ ಮಂದಾಕಿನಿಗೆ ನಿಯಂತ್ರಣ ಕೊಠಡಿಯ ಗದ್ದಲದ ಅರ್ಥ ಹೊಳೆಯಿತು. ಸಂಕದನೂ ಆ ತಾಟು ಯಾರದೆಂದೇ ಜಗಳವಾಡುತ್ತಿದ್ದ. ಪಕ್ಕದ ಮನೆಯಿಂದಲೂ, ಎದುರಿನ ಮಹಡಿಯಿಂದಲೂ ಜನ ಜೋರಾಗಿ ಮಾತಾಡುವುದು ಕೇಳುತ್ತಿತ್ತು. ಕಣ್ಣಳತೆ ಸೊನ್ನೆಯಾದದ್ದು ನಿಜ. ಆ ತಾಟನ್ನು ಕಂಡ ಜನ ಪರದೆಯಿಂದ ಕಣ್ಣು ತೆಗೆದು, ಪಕ್ಕದಲ್ಲಿ ಕೂತವರ ಕಡೆಗೆ ತಿರುಗಿ, “ನಿನ್ನ ಹಡಗಿನಾಗ ಯಾರು ಹೋದ್ರು?” ಎಂದು ಕೇಳಿದ್ದರು. ಅದನ್ನು ಅಳೆಯಲು ಯಂತ್ರದ ಬಳಿ ಯಾವ ಮುಳ್ಳೂ ಇರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಡಾ. ನದಾಫರು. ಅವರ ದನಿ ವಿಚಿತ್ರವಾಗಿತ್ತು.

“ಮ್ಯಾಡಂ, ಒಂದು ಅನಾಹುತ ಆಗೇತಿ. ಯಾರೂ ನೋಡದ್ದನ್ನ ಅಳಸಬೇಕು ಅಂತ ಯಂತ್ರಕ್ಕ ನಾನs ಕಲಿಸಿದ್ದೆ. ಸೊನ್ನೆ ಬಂತಲ್ಲ, ಇಡೀ ಕಂತು ಅಳಿಸಿಬಿಟ್ಟೈತಿ. ವಾಹಿನಿಯ ಭಂಡಾರದಾಗೂ ಇಲ್ಲ, ಸ್ಟುಡಿಯೋದ ಪ್ರತಿನೂ ಇಲ್ಲ. ನನ್ನ ತಪ್ಪು, ಕ್ಷಮಿಸ್ರಿ.” ದನಿ ತಗ್ಗಿಸಿ ಮುಂದುವರಿಸಿದರು. “ಇನ್ನೊಂದು ಮಾತು... ನಾನೂ ಸಂಕದವರ ಕೂಡ ವಾದಕ್ಕ ಬಿದ್ದು ಕಡೀಕ ನೋಡ್ಲಿಲ್ಲ. ಏನಾತ್ರಿ? ಹಡಗ ಮುಟ್ಟಿತೇನು?”

ಮಂದಾಕಿನಿಗೆ ನಗು ಬಂತು, ಬಹಳ ದಿನಗಳ ಮೇಲೆ.

“ನಾಳೆ ಮಧ್ಯಾಹ್ನ ಊಟಕ್ಕ ಸ್ಟುಡಿಯೋಕ್ಕ ಬರ್ರಿ, ಹೇಳ್ತೇನಿ. ಸಂಕದವರನ್ನೂ ಕರಕೊಂಡು ಬರ್ರಿ. ಬೀಗಾ ಹಾಕಿದ್ರ ಬಾಗಲಾ ಮುಂದ ಚಾಪಿ ಹಾಸ್ತೇನಿ. ಕೇಳೂವರು ಎಷ್ಟು ಮಂದಿ ಬಂದ್ರೂ ಬರಲಿ, ಕಲ್ಲವ್ವಗ ಹಿಟ್ಟು ಜಾಸ್ತಿ ನಾದಾಕ ಹೇಳ್ತೇನಿ.”

ಫೋನಿಟ್ಟು ಕೈತೊಳೆದು ಬಂದು ಖಾಲಿ ಮಣೆಯ ಮೇಲೆ ಕೂತಳು. ಮೂವರೂ ರೊಟ್ಟಿ ಮುರಿದರು.

“ಅಳಿಸಿಹೋತಂತ” ಎಂದಳು. “ನೀವು ಪೂರ್ತಿ ನೋಡೀರೇನು?”

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. “ಇಲ್ಲವ್ವಾ” ಎಂದಳು ಇಂಚರಾ. “ನೀ ಹೇಳು. ಕಡೀದಷ್ಟs ಅಲ್ಲ, ಮೊದಲಿಂದ ಹೇಳು. ನಿಂದು ಏನಿತ್ತೋ ಅದು.”

ಮಂದಾಕಿನಿ ಹಡಗು ಭೂಮಿ ಬಿಟ್ಟ ಬೆಳಗಿನಿಂದ ಶುರುಮಾಡಿದಳು. ಶನಿಯ ಬಳೆಯ ಹತ್ತಿರ ಬರುವಾಗ ಹಳೆಯ ಅಭ್ಯಾಸದಿಂದ ಮಾತು ನಿಲ್ಲಿಸಿ, ಮಗಳು ಏಳುತ್ತಾಳೆ ಎಂದು ಕಾದಳು. ಇಂಚರಾ ತಾಯಿಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

“ಆಮ್ಯಾಲೆ?” ಎಂದಳು.